ಮನೆಯ ಬೆಳಕು, ಬಯಲಿನ ಬೆಳಕು

ಶಿವಮೊಗ್ಗದ ವಿನೋಬನಗರದಲ್ಲಾಗಲಿ, ಭದ್ರಾವತಿಯ ನ್ಯೂ ಟೌನಿನಲ್ಲಾಗಲಿ, ಸಾಯಂಕಾಲ ಐದು ಗಂಟೆಯ ಹೊತ್ತಿಗೆ ಒಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿರಿ. ಶಾಲೆ ಬಿಟ್ಟಿರುತ್ತದೆ, ಬಿಸಿಲಿನ ಕಾವು ಇಳಿದಿರುತ್ತದೆ, ಮಳೆಯ ಸೂಚನೆಯೂ ಇರುವುದಿಲ್ಲ. ಆದರೂ ಬೀದಿಯಲ್ಲಿ ಮಕ್ಕಳ ಗಲಾಟೆ ಅಷ್ಟಾಗಿ ಕೇಳಿಸುವುದಿಲ್ಲ. ಕಿಟಕಿಗಳೊಳಗಿನಿಂದ ಮೊಬೈಲಿನ ಆಟದ ಸಂಗೀತವೋ ಟಿ.ವಿ.ಯ ಗೊಂಬೆಗಳ ಮಾತೋ ಕೇಳಿಬರುತ್ತದೆ. ಲಗೋರಿಯ ಬಿಲ್ಲೆಗಳನ್ನು ಒಟ್ಟುವವರಿಲ್ಲ. ಚಿನ್ನಿದಾಂಡಿಗೆ ಗುಳಿ ತೋಡುವವರಿಲ್ಲ.

ಇದನ್ನು ಕಂಡು ಮನೆಯ ಹಿರಿಯರು ಹೇಳುವ ಮಾತು ಒಂದೇ: “ಆ ಮೊಬೈಲು ನೋಡಿ ನೋಡಿ ಮಗುವಿನ ಕಣ್ಣು ಹಾಳಾಗುತ್ತಿದೆ.” ಕೆಲವು ತಿಂಗಳ ಬಳಿಕ ಶಾಲೆಯಿಂದ ಸುದ್ದಿ ಬರುತ್ತದೆ: ಹಲಗೆಯ ಮೇಲಿನ ಅಕ್ಷರ ಮಗುವಿಗೆ ಕಾಣುತ್ತಿಲ್ಲ, ಕನ್ನಡಕ ಬೇಕು. ಅಜ್ಜಿಯ ಮಾತು ನಿಜವಾಯಿತೆಂದು ಮನೆಯವರೆಲ್ಲ ಒಪ್ಪಿಕೊಳ್ಳುತ್ತಾರೆ. ಅಜ್ಜಿಯ ಮಾತು ನಿಜವೆ? ಅರ್ಧ ನಿಜವೆಂದು ನಾವು ಹೇಳುತ್ತೇವೆ. ಉಳಿದರ್ಧ ಹೆಚ್ಚು ಸ್ವಾರಸ್ಯವಾದುದು. ಅದನ್ನು ತಿಳಿದುಕೊಂಡರೆ ಮನೆಮನೆಯಲ್ಲಿ ನಡೆಯುವ ಮೊಬೈಲಿನ ಜಗಳದ ರೂಪವೇ ಬೇರೆಯಾಗುತ್ತದೆ.

ಮೊದಲು ಕಣ್ಣಿನ ವಿಚಾರ. ದೂರದ ವಸ್ತುವಿನಿಂದ ಬಂದ ಬೆಳಕು ಕಣ್ಣಿನ ಮುಂಭಾಗದಲ್ಲಿ ಬಾಗಿ, ಹಿಂಭಾಗದಲ್ಲಿರುವ ಅಕ್ಷಿಪಟಲದ ಮೇಲೆ ಸರಿಯಾಗಿ ಕೂಡಿದರೆ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ. ಹುಟ್ಟಿದ ಶಿಶುವಿನ ಕಣ್ಣುಗುಡ್ಡೆಯ ಉದ್ದ, ಮುಂದಿನಿಂದ ಹಿಂದಕ್ಕೆ ಅಳೆದರೆ, ಸುಮಾರು 17 ಮಿಲಿಮೀಟರು. ಬೆಳೆದವರಲ್ಲಿ ಸುಮಾರು 24 ಮಿಲಿಮೀಟರು. ಮಗು ಬೆಳೆದಂತೆ ಕಣ್ಣೂ ಬೆಳೆಯುತ್ತದೆ. ಚಿತ್ರವು ಅಕ್ಷಿಪಟಲದ ಮೇಲೆ ಕರಾರುವಾಕ್ಕಾಗಿ ಕೂಡುವಷ್ಟು ಉದ್ದವಾದೊಡನೆ ಬೆಳವಣಿಗೆ ನಿಲ್ಲಬೇಕು. ಅಲ್ಲಿ ನಿಲ್ಲದೆ ಇನ್ನೂ ಒಂದೇ ಒಂದು ಮಿಲಿಮೀಟರು ಉದ್ದವಾಯಿತೆನ್ನಿ, ಅಕ್ಕಿಯ ಕಾಳಿನ ದಪ್ಪದ ಅರ್ಧದಷ್ಟು, ಆಗ ದೂರದ ಚಿತ್ರ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡಿ, ಅಕ್ಷಿಪಟಲದ ಮೇಲೆ ಮಸುಕಾಗಿ ಬೀಳುತ್ತದೆ. ಅದನ್ನು ಸರಿಪಡಿಸಲು ಸುಮಾರು ಎರಡೂವರೆ ಡಯಾಪ್ಟರಿನ ನಿಮ್ನ ಮಸೂರದ ಕನ್ನಡಕ ಬೇಕಾಗುತ್ತದೆ. ಇದೇ ಸಮೀಪದೃಷ್ಟಿ. ಹತ್ತಿರದ ಪುಸ್ತಕ ಚೆನ್ನಾಗಿ ಕಾಣುತ್ತದೆ. ದೂರದ ಹಲಗೆ ಕಾಣುವುದಿಲ್ಲ.

ಕಣ್ಣುಗುಡ್ಡೆ ಒಮ್ಮೆ ಉದ್ದವಾದರೆ ಮತ್ತೆ ಗಿಡ್ಡವಾಗುವುದಿಲ್ಲ. ಕನ್ನಡಕವು ಚಿತ್ರವನ್ನು ಸರಿಪಡಿಸೀತೇ ಹೊರತು ಕಣ್ಣನ್ನಲ್ಲ. ಎಂಟು ವರ್ಷಕ್ಕೇ ಆರಂಭವಾದ ಸಮೀಪದೃಷ್ಟಿಗೆ ಬೆಳೆಯಲು ಇನ್ನೂ ಹಲವು ವರ್ಷಗಳ ಅವಕಾಶ ಇರುತ್ತದಾದ್ದರಿಂದ ಅದು ಹೆಚ್ಚಿನ ಅಂಕಿಗೆ ಏರುವ ಸಂಭವವೂ ಹೆಚ್ಚು. ಅತಿಯಾಗಿ ಹಿಗ್ಗಿದ ಕಣ್ಣಿನಲ್ಲಿ ಅಕ್ಷಿಪಟಲ ತೆಳುವಾಗಿ, ನಡುವಯಸ್ಸಿನಲ್ಲೋ ಮುಪ್ಪಿನಲ್ಲೋ ಅದು ಹರಿಯುವುದು, ಕಳಚಿಕೊಳ್ಳುವುದು, ಕೇಂದ್ರದೃಷ್ಟಿ ಕುಂದುವುದು ಮೊದಲಾದ ಅಪಾಯಗಳಿಗೆ ದಾರಿಯಾಗುತ್ತದೆ. ಕನ್ನಡಕ ಹಾಕಿದರಾಯಿತು, ಅದೇನು ಮಹಾ ಎಂದು ತಳ್ಳಿಹಾಕುವಂತಹ ವಿಷಯವಲ್ಲವೆಂದು ನಾವು ಹೇಳುವುದು ಇದಕ್ಕಾಗಿ.

ಹಾಗಾದರೆ ಬೆಳೆಯುತ್ತಿರುವ ಕಣ್ಣಿಗೆ “ಇನ್ನು ಸಾಕು, ನಿಲ್ಲು” ಎಂದು ಹೇಳುವವರು ಯಾರು? ಬಹುಕಾಲ ಇದನ್ನು ವಂಶದ ಗುಣವೆಂದೇ ಎಣಿಸಿದ್ದರು. ವಂಶದ ಪಾತ್ರ ಇಲ್ಲವೆಂದಲ್ಲ. ತಂದೆತಾಯಿಗಳಿಬ್ಬರಿಗೂ ಸಮೀಪದೃಷ್ಟಿಯಿದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ಆದರೆ 1977ರಲ್ಲಿ ವೀಸೆಲ್ ಮತ್ತು ರವಿಯೋಲಾ ಎಂಬ ವಿಜ್ಞಾನಿಗಳು ಎಳೆಯ ಕೋತಿಗಳಲ್ಲಿ ಒಂದು ಕಣ್ಣಿನ ರೆಪ್ಪೆಯನ್ನು ಮುಚ್ಚಿಟ್ಟಾಗ ಆ ಕಣ್ಣೊಂದೇ ಅಸಹಜವಾಗಿ ಉದ್ದವಾಯಿತೆಂದು ತೋರಿಸಿಕೊಟ್ಟರು. ಎರಡು ಕಣ್ಣಿಗೂ ವಂಶ ಒಂದೇ ತಾನೆ! ಕಣ್ಣಿನೊಳಗೆ ಬೀಳುವ ಬೆಳಕು ಮತ್ತು ಚಿತ್ರಗಳೇ ಕಣ್ಣಿನ ಬೆಳವಣಿಗೆಯನ್ನು ನಡೆಸುತ್ತವೆಂಬುದು ಇದರಿಂದ ಸ್ಪಷ್ಟವಾಯಿತು.

ಮುಂದಿನ ಕಥೆಗೆ ನಾಯಕರು ಕೋಳಿಮರಿಗಳು. ಕೋಳಿಮರಿಯ ಕಣ್ಣಿಗೆ ಮಸುಕು ಗಾಜಿನಂತಹ ಮುಚ್ಚಳ ತೊಡಿಸಿದರೆ ಕೆಲವೇ ದಿನಗಳಲ್ಲಿ ಅದಕ್ಕೆ ಸಮೀಪದೃಷ್ಟಿ ಬರುತ್ತದೆ. 2009ರಲ್ಲಿ ಆಶ್ಬಿ, ಓಲೆನ್‌ಡಾರ್ಫ್ ಮತ್ತು ಷೇಫೆಲ್ ಎಂಬವರು ಇಂತಹ ಮುಚ್ಚಳ ತೊಟ್ಟ ಮರಿಗಳಲ್ಲಿ ಕೆಲವನ್ನು ಸಾಮಾನ್ಯ ಕೊಠಡಿಯ ಬೆಳಕಿನಲ್ಲೂ, ಕೆಲವನ್ನು ದಿನಕ್ಕೆ ಕೆಲವು ಗಂಟೆ ಪ್ರಖರ ದೀಪದ ಬೆಳಕಿನಲ್ಲೂ ಇರಿಸಿದರು. ಪ್ರಖರ ಬೆಳಕು ಕಂಡ ಮರಿಗಳಲ್ಲಿ ಸಮೀಪದೃಷ್ಟಿಯ ಬೆಳವಣಿಗೆ ಸುಮಾರು ಶೇಕಡ 60ರಷ್ಟು ನಿಧಾನವಾಯಿತು. ಮುಚ್ಚಳ ಅದೇ, ಮಸುಕು ಅದೇ, ಬದಲಾದದ್ದು ಬೆಳಕೊಂದೇ.

ಇದರ ಒಳಗುಟ್ಟು ಡೋಪಮೀನ್ ಎಂಬ ರಾಸಾಯನಿಕ ವಸ್ತುವಿನಲ್ಲಿದೆ ಎಂದು ಈಗ ನಂಬಲಾಗಿದೆ. ಅಕ್ಷಿಪಟಲದ ಕೆಲವು ಕೋಶಗಳು ಪ್ರಖರವಾದ ಬೆಳಕು ಬಿದ್ದಾಗ ಇದನ್ನು ಹೆಚ್ಚಾಗಿ ಸ್ರವಿಸುತ್ತವೆ. ಈ ಸಂದೇಶವು ಪದರದಿಂದ ಪದರಕ್ಕೆ ಸಾಗಿ ಕಣ್ಣಿನ ಹೊರಗೋಡೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಡೋಪಮೀನಿನ ಕೆಲಸವನ್ನು ತಡೆಯುವ ಔಷಧವನ್ನು ಕೋಳಿಮರಿಯ ಕಣ್ಣಿಗೆ ಕೊಟ್ಟಾಗ ಪ್ರಖರ ಬೆಳಕಿನ ರಕ್ಷಣೆಯೂ ಇಲ್ಲವಾಯಿತು. ಇಡೀ ಸರಪಳಿಯ ಕೊಂಡಿಗಳೆಲ್ಲ ಇನ್ನೂ ಸಿಕ್ಕಿಲ್ಲವಾದರೂ, ಮೊದಲ ಕೊಂಡಿ ಬೆಳಕೆಂಬುದರಲ್ಲಿ ಹೆಚ್ಚಿನ ಸಂದೇಹ ಉಳಿದಿಲ್ಲ.

ಇಲ್ಲಿ ವಾಚಕರು ಒಂದು ಪ್ರಶ್ನೆ ಕೇಳಬಹುದು. ನಮ್ಮ ಮನೆಯಲ್ಲೂ ಬೇಕಾದಷ್ಟು ಬೆಳಕಿದೆಯಲ್ಲ, ಕೊಠಡಿಗೆ ಎರಡೆರಡು ದೀಪ ಹಾಕಿಸಿದ್ದೇವಲ್ಲ ಎಂದು. ನಮ್ಮ ಕಣ್ಣು ನಮಗೆ ಮಾಡುವ ಮೋಸ ಇಲ್ಲಿಯೇ ಇರುವುದು. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ಚೆನ್ನಾಗಿ ದೀಪ ಉರಿಯುತ್ತಿರುವ ಕೊಠಡಿಯಲ್ಲಿ ಇರುವುದು 100ರಿಂದ 500 ಲಕ್ಸ್. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಅದು ಒಂದು ಲಕ್ಷದ ಹತ್ತಿರ ಹೋಗುತ್ತದೆ. ದೊಡ್ಡ ಮರದ ನೆರಳಿನಲ್ಲಿ ಕೂಡ ಕೆಲವು ಸಾವಿರ ಲಕ್ಸ್ ಇರುತ್ತದೆ. ಮೋಡ ಕವಿದ ದಿನವೂ ಹಾಗೆಯೇ. ಅಂದರೆ ಮನೆಯ ಒಳಕ್ಕೂ ಅಂಗಳಕ್ಕೂ ಇರುವ ಅಂತರ ಎರಡರಷ್ಟು ಮೂರರಷ್ಟಲ್ಲ, ಹತ್ತಾರು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು. ಆದರೆ ಒಳಗೆ ಬಂದೊಡನೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಅಕ್ಷಿಪಟಲ ತನ್ನ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಒಂದೆರಡು ನಿಮಿಷಗಳಲ್ಲಿ ಎಲ್ಲವೂ ಮೊದಲಿನಷ್ಟೇ ಬೆಳಗಿದಂತೆ ತೋರುತ್ತದೆ. ಈ ಅಂತರವನ್ನು ಕಣ್ಣಾರೆ ಕಾಣಬೇಕೆಂದರೆ, ನಾವು ದೂರುತ್ತಿರುವ ಆ ಮೊಬೈಲನ್ನೇ ಸಾಕ್ಷಿಗೆ ಕರೆಯಬಹುದು. ಬೆಳಕನ್ನು ಅಳೆಯುವ ಆ್ಯಪುಗಳಿವೆ. ಅವು ಕರಾರುವಾಕ್ಕಾದ ಉಪಕರಣಗಳಲ್ಲದಿದ್ದರೂ ಈ ಕೆಲಸಕ್ಕೆ ಸಾಕು. ಅಡುಗೆಮನೆಯಲ್ಲಿ, ನಡುಮನೆಯಲ್ಲಿ, ಜಗುಲಿಯಲ್ಲಿ, ಅಂಗಳದ ಮಾವಿನ ಮರದ ಕೆಳಗೆ ಮಗುವಿನ ಕೈಯಿಂದಲೇ ಅಳೆಯಿಸಿ, ಅಂಕಿಗಳನ್ನು ಬರೆದಿಡಿಸಿರಿ. ಹತ್ತು ಉಪದೇಶಗಳಿಗಿಂತ ಈ ನಾಲ್ಕು ಅಂಕಿಗಳು ಹೆಚ್ಚು ಮಾತನಾಡುತ್ತವೆ.

ಕೋಳಿಮರಿಗೆ ಒಪ್ಪಿದ್ದು ಮಕ್ಕಳಿಗೂ ಒಪ್ಪುವುದೆ? 2008ರಲ್ಲಿ ಪ್ರಕಟವಾದ ಒಂದು ಹೋಲಿಕೆ ಬಹಳ ಪ್ರಸಿದ್ಧವಾದುದು. ಸಿಂಗಪುರದಲ್ಲಿಯೂ ಸಿಡ್ನಿಯಲ್ಲಿಯೂ ಇರುವ ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಸಿಂಗಪುರದಲ್ಲಿ ನೂರಕ್ಕೆ 29 ಮಕ್ಕಳಿಗೆ ಸಮೀಪದೃಷ್ಟಿಯಿದ್ದರೆ ಸಿಡ್ನಿಯಲ್ಲಿ ನೂರಕ್ಕೆ ಮೂವರಿಗೆ ಮಾತ್ರ ಇತ್ತು. ಸಿಡ್ನಿಯ ಮಕ್ಕಳು ಓದುವುದರಲ್ಲಿ ಹಿಂದೆ ಬಿದ್ದವರೇನೂ ಅಲ್ಲ. ಆದರೆ ವಾರಕ್ಕೆ ಸುಮಾರು 14 ಗಂಟೆ ಅವರು ಹೊರಗಿರುತ್ತಿದ್ದರು. ಸಿಂಗಪುರದ ಮಕ್ಕಳು ಕೇವಲ ಮೂರು ಗಂಟೆ. ಚೀನದ ಗ್ವಾಂಗ್‌ಜೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ 2010ರಿಂದ ಮೂರು ವರ್ಷ ಒಂದು ಪ್ರಯೋಗ ನಡೆಯಿತು. ಆರು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಹೊರಾಂಗಣದ ಅವಧಿಯೊಂದನ್ನು ಸೇರಿಸಿದರು. ಉಳಿದ ಆರರಲ್ಲಿ ಹಿಂದಿನಂತೆಯೇ ಬಿಟ್ಟರು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಮೊದಲ ಗುಂಪಿನಲ್ಲಿ ನೂರಕ್ಕೆ ಸುಮಾರು 30, ಎರಡನೆಯದರಲ್ಲಿ ಸುಮಾರು 40. ನಮ್ಮ ದೇಶದ ದೆಹಲಿಯಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಶಾಲಾಮಕ್ಕಳ ಕಣ್ಣನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ, ನೂರಕ್ಕೆ 13 ಮಕ್ಕಳಿಗೆ ಸಮೀಪದೃಷ್ಟಿಯಿತ್ತು. ವಾರಕ್ಕೆ 14 ಗಂಟೆಗಿಂತ ಹೆಚ್ಚು ಕಾಲ ಹೊರಗೆ ಆಡುವ ಮಕ್ಕಳಲ್ಲಿ ಅದು ಕಡಿಮೆಯಾಗಿ ಕಂಡುಬಂದಿತು. ತೈವಾನಿನಲ್ಲಂತೂ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮವನ್ನೇ ಸರ್ಕಾರ ಕೈಗೊಂಡಿತು. ದೃಷ್ಟಿ ಕುಂದಿದ ಪ್ರಾಥಮಿಕ ಶಾಲಾಮಕ್ಕಳ ಪ್ರಮಾಣ ಅಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತ 2011ರಲ್ಲಿ ನೂರಕ್ಕೆ 50 ಮುಟ್ಟಿತ್ತು. 2015ರ ವೇಳೆಗೆ ಅದು 46ಕ್ಕೆ ಇಳಿಯಿತು. ಇಳಿಕೆ ಚಿಕ್ಕದು, ಆದರೆ ಏರುತ್ತಲೇ ಇದ್ದ ಗೆರೆಯೊಂದು ಕೆಳಮುಖವಾದುದು ಚಿಕ್ಕ ಮಾತಲ್ಲ.

ಈಗ ನಮ್ಮ ಊರುಗಳಿಗೆ ಬರೋಣ. ಸೂರ್ಯನ ವಿಷಯದಲ್ಲಿ ಶಿವಮೊಗ್ಗ ಮತ್ತು ಭದ್ರಾವತಿಗಳಿಗೆ ಬಡತನವಿಲ್ಲ. ಭೂಮಧ್ಯರೇಖೆಯಿಂದ ಸುಮಾರು 14 ಅಂಶ ಉತ್ತರಕ್ಕಿರುವ ಈ ಊರುಗಳಲ್ಲಿ ವರ್ಷದ ಅತಿ ಗಿಡ್ಡ ಹಗಲು ಕೂಡ 11 ಗಂಟೆಗೆ ಕಡಿಮೆಯಾಗುವುದಿಲ್ಲ. ಚಳಿಗಾಲದಲ್ಲಿ ಏಳೆಂಟು ಗಂಟೆಯ ಹಗಲನ್ನಷ್ಟೆ ಕಾಣುವ ಉತ್ತರ ಯೂರೋಪಿನ ಮಕ್ಕಳು ನಮ್ಮ ಮಕ್ಕಳನ್ನು ಕಂಡು ಅಸೂಯೆಪಡಬೇಕು. ಜಾಗಕ್ಕೂ ಅಂತಹ ಕೊರತೆಯಿಲ್ಲ. ಶಿವಮೊಗ್ಗದಲ್ಲಿ ಗಾಂಧಿ ಪಾರ್ಕಿದೆ, ನೆಹರೂ ಕ್ರೀಡಾಂಗಣವಿದೆ. ಹಳೆಯ ಸೆರೆಮನೆಯ ವಿಶಾಲವಾದ ಆವರಣವೇ ಈಗ ಫ್ರೀಡಂ ಪಾರ್ಕಾಗಿದೆ. ತುಂಗೆಯ ದಡವಿದೆ. ಭದ್ರಾವತಿಯಂತೂ ಕಾರ್ಖಾನೆಗಾಗಿ ಬೆಳೆದ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ನೌಕರರಿಗಾಗಿ ಕಟ್ಟಿದ ಬಡಾವಣೆಗಳಲ್ಲಿ ಸಾಲುಮರಗಳೂ ಬಯಲುಗಳೂ ಸೇರಿಕೊಂಡವು. ಚೆಂಡಿನ ಮೇಲೆ ದೃಷ್ಟಿಯಿಡುವುದರಲ್ಲಿ ಜಗತ್ತಿಗೇ ಹೆಸರಾದ ಜಿ. ಆರ್. ವಿಶ್ವನಾಥರು 1949ರಲ್ಲಿ ಹುಟ್ಟಿದ್ದು ಇದೇ ಭದ್ರಾವತಿಯಲ್ಲಿ. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ಈಗ ವರ್ಷಗಳೇ ಸಂದಿವೆ. ಅದರ ಬಡಾವಣೆಯಲ್ಲಿ ಮೊದಲಿನ ಜನಸಂದಣಿಯಿಲ್ಲ. ಆಟಕ್ಕೆ ಬಯಲೊಂದಿದ್ದರೆ ಸಾಲದು, ಜೊತೆಗಾರರೂ ಬೇಕಷ್ಟೆ.

ಬೆಳಕೂ ಇದೆ, ಜಾಗವೂ ಇದೆ ಎಂದ ಮೇಲೆ ಕೊರತೆಯಾಗಿರುವುದು ಹೊತ್ತು. ಅದನ್ನು ತಿನ್ನುತ್ತಿರುವುದು ಮೊಬೈಲೊಂದೇ ಅಲ್ಲ. ಇದನ್ನು ಹೇಳಲು ನಮಗೆ ಸ್ವಲ್ಪ ಸಂಕೋಚವಾಗುತ್ತದೆ, ಏಕೆಂದರೆ ತಂದೆತಾಯಿಗಳಿಗೆ ಇದು ರುಚಿಸದು. ನವೆಂಬರಿನಲ್ಲಿ ನಮ್ಮ ಊರುಗಳಲ್ಲಿ ಸಂಜೆ ಸುಮಾರು ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ. ನಾಲ್ಕೂವರೆಗೆ ಶಾಲೆ ಬಿಟ್ಟು, ಐದರಿಂದ ಆರೂವರೆಯವರೆಗೆ ಮನೆಪಾಠಕ್ಕೆ ಹೋಗುವ ಮಗುವಿಗೆ ಆ ದಿನದ ಬೆಳಕು ಅಲ್ಲಿಗೆ ಮುಗಿಯಿತು. ಮನೆಗೆ ಬಂದ ಮೇಲೆ ಕತ್ತಲಲ್ಲಿ ಅದು ಮೊಬೈಲು ಹಿಡಿಯದೆ ಮತ್ತೇನು ಮಾಡೀತು? ಕಣ್ಣಿನ ದೃಷ್ಟಿಯಿಂದ ನೋಡಿದರೆ ಮನೆಪಾಠದ ಪುಸ್ತಕಕ್ಕೂ ಮೊಬೈಲಿಗೂ ಅಂತಹ ಭೇದವಿಲ್ಲ. ಎರಡೂ ಹತ್ತಿರದ ಕೆಲಸ, ಎರಡೂ ಮನೆಯೊಳಗಿನ ಕೆಲಸ.

ಅಜ್ಜಿಯ ಮಾತಿನ ನಿಜವಾದ ಅರ್ಧವನ್ನೂ ಹೇಳಿಬಿಡೋಣ. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಮಸೂರವನ್ನು ಉಬ್ಬಿಸಬೇಕಾಗುತ್ತದೆ. ಮೂರು ಮೀಟರು ದೂರದ ಟಿ.ವಿ. ನೋಡಲು ಬೇಕಾದ ಶ್ರಮ ಒಂದು ಡಯಾಪ್ಟರಿನ ಮೂರನೆಯ ಒಂದು ಭಾಗ. 25 ಸೆಂಟಿಮೀಟರು ದೂರದ ಮೊಬೈಲಿಗೆ ನಾಲ್ಕು ಡಯಾಪ್ಟರು, ಅಂದರೆ ಹನ್ನೆರಡು ಪಟ್ಟು. ಪರದೆಯಲ್ಲಿ ಮನಸ್ಸು ನೆಟ್ಟಾಗ ರೆಪ್ಪೆ ಬಡಿಯುವುದು ಬಹಳ ಕಡಿಮೆಯಾಗಿ ಕಣ್ಣು ಒಣಗುತ್ತದೆ. ಮಕ್ಕಳು ಕಣ್ಣುಜ್ಜಿಕೊಳ್ಳುವುದು ಇದರಿಂದಲೇ. ರಾತ್ರಿಯ ಹೊತ್ತಿನ ಪರದೆಗೆ ಇನ್ನೊಂದು ದೋಷವುಂಟು. ಚಿತ್ರ ಕಾಣಲಿಕ್ಕಲ್ಲದೆ ಹಗಲೋ ಇರುಳೋ ಎಂದು ಮೆದುಳಿಗೆ ತಿಳಿಸಲೆಂದೇ ಅಕ್ಷಿಪಟಲದಲ್ಲಿ ಒಂದು ಜಾತಿಯ ಕೋಶಗಳಿರುವುದು 2002ರಲ್ಲಿ ಸ್ಥಿರಪಟ್ಟಿತು. ಅವು ನೀಲಿ ಛಾಯೆಯ ಬೆಳಕಿಗೆ ವಿಶೇಷವಾಗಿ ಸ್ಪಂದಿಸುತ್ತವೆ. ಮಲಗುವ ಮುನ್ನ ಪರದೆಯ ಬೆಳಕು ಅವುಗಳ ಮೇಲೆ ಬಿದ್ದರೆ ನಿದ್ರೆಗೆ ಕರೆಯುವ ಮೆಲಟೋನಿನ್ ತಡವಾಗಿ ಸ್ರವಿಸುತ್ತದೆ. ಹಗಲು ಸಾಲದ ಬೆಳಕು, ಇರುಳು ಬೇಡದ ಬೆಳಕು! ಭಾರತೀಯ ಮಕ್ಕಳ ತಜ್ಞರ ಸಂಘವು 2021ರಲ್ಲಿ ಕೊಟ್ಟ ಸಲಹೆಯಂತೆ ಎರಡು ವರ್ಷದೊಳಗಿನ ಶಿಶುಗಳಿಗೆ ಪರದೆಯೇ ಕೂಡದು. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಹತ್ತು ವರ್ಷದವರೆಗೆ ಎರಡು ಗಂಟೆಯ ಒಳಗಿರಬೇಕು.

ಈ ಮಿತಿಯನ್ನು ಮನೆಯಲ್ಲಿ ಜಾರಿಗೆ ತರುವುದು ಹೇಗೆಂಬುದೇ ತೊಡಕಿನ ಪ್ರಶ್ನೆ. ಮೊಬೈಲನ್ನು ಕಸಿದಿಟ್ಟರೆ ಅಳು, ಕೊಟ್ಟರೆ ಚಿಂತೆ. ಮೊಬೈಲನ್ನು ಕಳೆಯುವುದರಿಂದ ಲೆಕ್ಕ ತೊಡಗದೆ, ಬಯಲನ್ನು ಕೂಡುವುದರಿಂದ ತೊಡಗಬೇಕೆಂದು ನಮ್ಮ ಅಭಿಪ್ರಾಯ. ವಾರಕ್ಕೆ 14 ಗಂಟೆ ಎಂದರೆ ದೊಡ್ಡದಾಗಿ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಶಾಲೆಗೆ ನಡೆದು ಹೋಗಲು 20 ನಿಮಿಷ, ಬರಲು 20. ಮಧ್ಯಾಹ್ನ ಊಟವಾದ ಮೇಲೆ ಶಾಲೆಯ ಅಂಗಳದಲ್ಲಿ 20. ಸಂಜೆಯ ಆಟ ಮುಕ್ಕಾಲು ಗಂಟೆ. ದಿನಕ್ಕೆ 105 ನಿಮಿಷದಂತೆ ಆರು ದಿನಕ್ಕೆ ಹತ್ತೂವರೆ ಗಂಟೆಯಾಯಿತು. ಭಾನುವಾರ ಬೆಳಗ್ಗೆಯೂ ಸಂಜೆಯೂ ಸೇರಿ ಮೂರೂವರೆ ಗಂಟೆ; ಅಲ್ಲಿಗೆ 14 ತುಂಬಿತು. ಶಾಲೆಗೆ ಆಟೋದಲ್ಲಿ ಹೋಗುವ ಮಗು ಇದರಲ್ಲಿ ವಾರಕ್ಕೆ ನಾಲ್ಕು ಗಂಟೆಯನ್ನು ಕಳೆದುಕೊಳ್ಳುತ್ತದೆ. ಅಂತಹ ಮಗುವನ್ನು ಶಾಲೆಯಿಂದ ಸ್ವಲ್ಪ ದೂರದಲ್ಲೇ ಇಳಿಸಿ ನಡೆಸುವುದು ಕೂಡ ಕಣ್ಣಿಗೆ ಮಾಡಿದ ಉಪಕಾರವೇ.

ಆಟವೇ ಆಗಬೇಕೆಂಬ ನಿಯಮವೂ ಇಲ್ಲ. ಕಣ್ಣಿಗೆ ಬೇಕಾದುದು ಬಯಲಿನ ಬೆಳಕು. ಮಗು ಓಡಿದರೂ ಕುಳಿತರೂ ಅದಕ್ಕೆ ಚಿಂತೆಯಿಲ್ಲ. ಅಳಗುಳಿಮಣೆಯನ್ನೋ ಚೌಕಾಬಾರವನ್ನೋ ನಡುಮನೆಯಿಂದ ಮರದಡಿಗೆ ಒಯ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ ನಮ್ಮ ರಾಜ್ಯದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಹಳ್ಳಿಹಳ್ಳಿಯ ಮರದ ಕೆಳಗೆ, ದೇವಸ್ಥಾನದ ಜಗುಲಿಯ ಮೇಲೆ ಪಾಠ ಹೇಳಿದರು. ಪಾಠಕ್ಕಾಗಿ ಮೊಬೈಲನ್ನೇ ನಂಬಿ ಕೊಠಡಿಯೊಳಗೆ ಕುಳಿತ ಪಟ್ಟಣದ ಮಕ್ಕಳಿಗಿಂತ ಆ ಮಕ್ಕಳ ಕಣ್ಣಿಗೆ ಹೆಚ್ಚಿನ ಬೆಳಕು ದೊರೆತಿರಬೇಕು. ಆದರೆ ಮೈಗೂ ಪಾಲು ಬೇಡವೆ? ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಲಗೋರಿ, ಖೋ ಖೋ, ಮರಕೋತಿಗಳಲ್ಲಿ ಎರಡು ಸಾಲವೂ ಒಟ್ಟಿಗೇ ತೀರುತ್ತವೆ.

ಬೀದಿಗೆ ಕಳುಹಿಸಲು ತಂದೆತಾಯಿಗಳು ಅಂಜುವುದು ನಿಷ್ಕಾರಣವಲ್ಲ. ವಾಹನಗಳ ಭಯವಿದೆ, ನಾಯಿಗಳ ಭಯವಿದೆ. ಇದಕ್ಕೆ ಒಂಟಿ ಮನೆಯಲ್ಲಿ ಪರಿಹಾರವಿಲ್ಲ. ನಾಲ್ಕೈದು ಮನೆಗಳು ಕೂಡಿದರೆ ಉಂಟು. ದಿನಕ್ಕೊಂದು ಮನೆಯ ಹಿರಿಯರು ಮುಕ್ಕಾಲು ಗಂಟೆ ಜಗುಲಿಯ ಮೇಲೆಯೋ ಪಾರ್ಕಿನ ಬೆಂಚಿನ ಮೇಲೆಯೋ ಕುಳಿತರೆ ಎಲ್ಲರ ಮಕ್ಕಳೂ ಆಡಿಯಾರು. ಹಾಗೆ ಕುಳಿತವರು ತಮ್ಮ ಮೊಬೈಲನ್ನು ಮನೆಯಲ್ಲಿ ಬಿಟ್ಟು ಬಂದರೆ ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳ ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಹತ್ತು ಹನ್ನೆರಡು ವರ್ಷವಾಗುತ್ತಲೇ ಹುಡುಗಿಯನ್ನು ಬೀದಿಯಾಟದಿಂದ ಒಳಕ್ಕೆ ಕರೆಯುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಸಮೀಪದೃಷ್ಟಿ ಹೊಸದಾಗಿ ತೋರುವುದೂ ಬಲಿಯುವುದೂ ಬಹುಮಟ್ಟಿಗೆ ಇದೇ ವಯಸ್ಸಿನಲ್ಲಿ. ಅಣ್ಣನು ಹೊರಗೆ ಕ್ರಿಕೆಟ್ ಆಡುವಾಗ ತಂಗಿ ಒಳಗೆ ಮೊಬೈಲು ಹಿಡಿದು ಕುಳಿತಿದ್ದರೆ, ಆ ಕಣ್ಣಿನ ತಪ್ಪನ್ನು ಮೊಬೈಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನು ಮೊಬೈಲಿನ ಮಾತು. ಹಿಂದೆ ಗೋಡೆಯಲ್ಲಿ ದೀಪಕ್ಕೊಂದು ಗೂಡಿರುತ್ತಿತ್ತು. ಈಗ ಮೊಬೈಲಿಗೂ ಹಾಗೊಂದು ಗೂಡು ಗೊತ್ತುಮಾಡಿರಿ. ಊಟದ ಹೊತ್ತಿನಲ್ಲಿಯೂ ಮಲಗುವುದಕ್ಕೆ ಒಂದು ಗಂಟೆ ಮೊದಲಿನಿಂದಲೂ ಮನೆಯವರೆಲ್ಲರ ಮೊಬೈಲೂ ಅಲ್ಲಿರಬೇಕು, ತಂದೆಯವರದು ಮೊದಲು. ಆಟದ ನಡುವೆ ಥಟ್ಟನೆ ಕಿತ್ತುಕೊಳ್ಳದೆ “ಈ ಆಟ ಮುಗಿದೊಡನೆ” ಎಂದು ಮುಂಚಿತವಾಗಿ ಹೇಳಿದರೆ ಜಗಳ ಕಡಿಮೆ. ಹೊರಗಿನ ಆಟ ಮೊದಲು, ಪರದೆ ಕತ್ತಲಾದ ಬಳಿಕ ಎಂಬ ಕ್ರಮವೂ ಒಳ್ಳೆಯದು. ಬೆಳಕು ಕಾಯುವುದಿಲ್ಲ, ಪರದೆ ಕಾಯುತ್ತದೆ.

ಜೂನ್ ತಿಂಗಳಿಂದ ಆಗಸ್ಟಿನವರೆಗೆ ಮಳೆ ಹಿಡಿದಾಗ ಏನು ಮಾಡುವುದು? ಮೋಡದ ಹಗಲಿನಲ್ಲಿಯೂ ಕಣ್ಣಿಗೆ ಸಾಕಷ್ಟು ಬೆಳಕುಂಟೆಂದು ಮೇಲೆ ಹೇಳಿದ್ದೇವೆ. ಮಳೆ ಬಿಟ್ಟ ಅರ್ಧ ಗಂಟೆಯನ್ನು ಬಿಡದೆ ಹಿಡಿಯಬೇಕು, ಕೆಸರಿಗೆ ಅಂಜಬಾರದು. ಏಪ್ರಿಲ್ ಮೇ ತಿಂಗಳ ನಡುಹಗಲಿನ ಬಿಸಿಲಾದರೋ ಬೇಡ. ಬೆಳಗಿನ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ, ಮರದ ನೆರಳಿನಲ್ಲಿ ಆಡಿದರೂ ಫಲ ಸಿಗುತ್ತದೆ. ಸೂರ್ಯನನ್ನು ನೇರವಾಗಿ ಮಾತ್ರ ಎಂದೂ ನೋಡಕೂಡದು.

ಈಗಾಗಲೇ ಕನ್ನಡಕ ಬಂದಿರುವ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಬಯಲಿನ ಬೆಳಕು ಸಮೀಪದೃಷ್ಟಿ ಬರುವುದನ್ನು ತಡೆಯುವಷ್ಟು ಬಲವಾಗಿ, ಬಂದುದು ಬೆಳೆಯುವುದನ್ನು ತಡೆಯುವುದಿಲ್ಲವೆಂದು ಪರೀಕ್ಷೆಗಳು ತೋರಿಸುತ್ತವೆ. ಅಂತಹ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕೊಟ್ಟ ಕನ್ನಡಕವನ್ನು ಹಾಕಿಸಬೇಕು. ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ಮಕ್ಕಳನ್ನು ಹೊರಗೆ ಸೆಳೆಯಲು ಸೂರ್ಯನೇ ಏರ್ಪಡಿಸುವ ಒಂದು ಚಮತ್ಕಾರವನ್ನು ಹೇಳಿ ನಿಲ್ಲಿಸುತ್ತೇವೆ. ವರ್ಷದಲ್ಲಿ ಎರಡು ದಿನ ಶಿವಮೊಗ್ಗ ಭದ್ರಾವತಿಗಳಲ್ಲಿ ಸೂರ್ಯನು ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ: ಏಪ್ರಿಲ್ 27ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 15-16ರ ಸುಮಾರಿಗೆ ಇನ್ನೊಮ್ಮೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಎರಡನೆಯದು ಸ್ವಾತಂತ್ರ್ಯ ದಿನದ ಹೊತ್ತಿಗೇ ಬರುತ್ತದೆ. ಆ ದಿನ ಮಿಠಾಯಿ ತಿಂದು ಮನೆಗೆ ಓಡುವ ಮಕ್ಕಳನ್ನು ಮಧ್ಯಾಹ್ನ ಹನ್ನೆರಡೂವರೆಯವರೆಗೆ ನಿಲ್ಲಿಸಿಕೊಂಡು, ಮೋಡ ದಾರಿ ಬಿಟ್ಟರೆ, ಧ್ವಜಸ್ತಂಭದ ಬುಡದಲ್ಲಿ ಅದರ ನೆರಳನ್ನು ಹುಡುಕಲು ಹೇಳಿರಿ.